ಒಂದು ಫೈಲು, ಹಲವು ವಿಳಾಸ

ಫೈಲ್ ಎಲ್ಲಿದೆ ಎಂದರೆ ವಿಳಾಸ ಹೇಳಿದರೆ ಮುಗಿಯಿತು. ಆದರೆ ಪ್ರೋಗ್ರಾಮಿಂಗ್ ಭಾಷೆಗಳು ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಕೇಳುತ್ತಿರುವವರು ಯಾರೆಂದು ಮೊದಲು ನೋಡುತ್ತವೆ.

ಪೈಥಾನ್‌ನಲ್ಲಿ ಪಾತ್, ಅಂದರೆ ಫೈಲಿನ ವಿಳಾಸ, ಬಹುಕಾಲ ಬರೀ ಸ್ಟ್ರಿಂಗ್. 2014ರಲ್ಲಿ, 3.4ನೇ ಆವೃತ್ತಿಯೊಂದಿಗೆ ಪಾತ್‌ಲಿಬ್ ಬಂದು ಅದಕ್ಕೆ ಆಬ್ಜೆಕ್ಟ್ ಪದವಿ ಕೊಟ್ಟಿತು. ಪದವಿ ಬಂದದ್ದೇ ತಡ, ತಾನು ಸ್ಟ್ರಿಂಗಿನ ವಂಶದವನೇ ಅಲ್ಲ ಎಂದಿತು ಪಾತ್. ಸೇಡು ತೀರಿಸಿಕೊಂಡದ್ದು ಫೈಲ್ ತೆರೆಯುವ ‘ಓಪನ್’: ಪಾತನ್ನು ನೇರವಾಗಿ ಕೊಟ್ಟರೆ ಟೈಪ್‌ಎರರ್! ಫೈಲಿನ ದಾರಿ ತೋರಿಸಲೆಂದೇ ಹುಟ್ಟಿದ್ದಕ್ಕೆ ಫೈಲಿನ ಬಾಗಿಲಲ್ಲೇ ಪ್ರವೇಶವಿಲ್ಲ. ಸುಮಾರು ಎರಡೂಮುಕ್ಕಾಲು ವರ್ಷ ಜನ ಅದನ್ನು ಮತ್ತೆ ಸ್ಟ್ರಿಂಗ್ ಮಾಡಿಯೇ ಒಳಗೆ ಕಳಿಸಿದರು.

ಆ ಉಪಾಯಕ್ಕೂ ಒಂದು ಕೊಕ್ಕೆ. ಸ್ಟ್ರಿಂಗ್ ಆಗಲು ಯಾವ ಅರ್ಹತೆಯೂ ಬೇಡ. ಏನೂ ಇಲ್ಲ ಎನ್ನುವ ‘ನನ್’ ಕೂಡ ಸ್ಟ್ರಿಂಗ್ ಆಗುತ್ತದೆ. ಬರೆಯಲು ಹೇಳಿದರೆ ಡಿಸ್ಕಿನಲ್ಲಿ ಅದೇ ಹೆಸರಿನ ಫೈಲು ಪ್ರತಿಷ್ಠಾಪನೆಯಾಗುತ್ತದೆ. ಹಾಗಾಗಿ 2016ರ ಕೊನೆಗೆ, 3.6ರಲ್ಲಿ, ‘ಎಫ್‌ಎಸ್‌ಪಾತ್’ ಎಂಬ ಪ್ರತ್ಯೇಕ ಕೌಂಟರ್ ತೆರೆದರು. ಕಂಡಕಂಡವರಿಗೆ ಅಲ್ಲಿ ಸೀಲು ಬೀಳುವುದಿಲ್ಲ. ಇಲ್ಲಿಯವರೆಗೂ ನ್ಯಾಯವೇ.

ತಮಾಷೆ ಇರುವುದು ಕಣ್ಣಿಗೆ ಕಾಣುವ ರೂಪದಲ್ಲಿ. ಒಂದೇ ಪಾತನ್ನು ಪ್ರಿಂಟ್ ಮಾಡಿದರೆ ಸರಳ ವಿಳಾಸ. ಲಿಸ್ಟಿನಲ್ಲಿ ನಾಲ್ಕು ಜನರ ನಡುವೆ ಕೂರಿಸಿದರೆ ‘ಪೋಸಿಕ್ಸ್‌ಪಾತ್’ ಎಂಬ ಬಿರುದು, ಆವರಣ ಚಿಹ್ನೆಗಳ ಸಮೇತ ದರ್ಶನ. ವಿಂಡೋಸ್‌ನಲ್ಲಂತೂ ಸರಳ ರೂಪದಲ್ಲಿ ಸ್ಲ್ಯಾಶ್ ಗೆರೆ ಹಿಂದಕ್ಕೆ ವಾಲುತ್ತದೆ, ಬಿರುದಿನ ರೂಪದಲ್ಲಿ ಮುಂದಕ್ಕೆ. ಪಾತ್ ಒಂದೇ, ವಾಲುವ ದಿಕ್ಕು ಮಾತ್ರ ಸಭೆ ನೋಡಿಕೊಂಡು.

ನೆರೆಹೊರೆಯೂ ಕಡಿಮೆಯಿಲ್ಲ. ಸಿ ಪ್ಲಸ್ ಪ್ಲಸ್ ವಿಳಾಸಕ್ಕೆ ಉದ್ಧರಣ ಚಿಹ್ನೆ ತೊಡಿಸಿ, ಹಿಂದಕ್ಕೆ ವಾಲಿದ ಪ್ರತಿ ಗೆರೆಯನ್ನೂ ಎರಡು ಮಾಡಿ ಕಳಿಸುತ್ತದೆ. ರಸ್ಟ್ ಪಾತನ್ನು ಸರಳ ರೂಪದಲ್ಲಿ ನೇರವಾಗಿ ತೋರಿಸುವುದೇ ಇಲ್ಲ. ‘ಡಿಸ್‌ಪ್ಲೇ’ ಎಂದು ಅರ್ಜಿ ಹಾಕಬೇಕು. ಲಿನಕ್ಸ್ ಫೈಲಿನ ಹೆಸರಿನಲ್ಲಿ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಏನು ಬೇಕಾದರೂ ಇರಬಹುದಾದ್ದರಿಂದ, ಓದಲಾಗದ್ದರ ಜಾಗದಲ್ಲಿ ಆ ಡಿಸ್‌ಪ್ಲೇ ಪ್ರಶ್ನೆ ಗುರುತುಳ್ಳ ಒಂದು ಬದಲಿ ಚಿಹ್ನೆ ಅಂಟಿಸಿ ಕೈತೊಳೆದುಕೊಳ್ಳುತ್ತದೆ.

ಪಾತ್ ಹೆಚ್ಚಾಗಿ ಅಚ್ಚಾಗುವುದು ಎರರ್ ಮೆಸೇಜಿನಲ್ಲಿ, ಅಂದರೆ ಕಾಣೆಯಾದ ಫೈಲನ್ನು ಹುಡುಕಿ ಹೈರಾಣಾದವರ ಮುಂದೆ. ಅವರಿಗೆ ಅದರ ವಂಶಾವಳಿ ಬೇಡ, ಕಾಪಿ ಮಾಡಿ ಪೇಸ್ಟ್ ಮಾಡಿದರೆ ತೆರೆಯುವ ವಿಳಾಸ ಬೇಕು. ಭಾಷೆ ಕಟ್ಟುವ ಮಹಾನುಭಾವರೇ, ಯಂತ್ರದೊಡನೆ ಎಷ್ಟು ಬೇಕಾದರೂ ಬಿಗಿಯಾಗಿರಿ. ಮನುಷ್ಯ ಕೇಳಿದಾಗ ಮಾತ್ರ ಒಂದೇ ಉತ್ತರ ಕೊಡಿ. ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಡಲು ನಮ್ಮಲ್ಲಿ ಕಚೇರಿಗಳು ಈಗಾಗಲೇ ಬೇಕಾದಷ್ಟಿವೆ.