ಇಸಿಲದಿಂದ ಒಂದು ಮಾರೋಲೆ: ಅಶೋಕ ಚಕ್ರವರ್ತಿಗಳಿಗೆ ಬಹಿರಂಗ ಪತ್ರ

ದೇವಾನಾಂಪ್ರಿಯ ಅಶೋಕ ಚಕ್ರವರ್ತಿಗಳ ಸನ್ನಿಧಾನಕ್ಕೆ, ಬಾಡಿಗೆ ವಾಹನ ಮತ್ತು ಅದರ ಚಾಲಕನ ವಿಷಯವಾಗಿ ಸಲ್ಲುವ ಬಿನ್ನಹ.

ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ, ಅಂದರೆ ಪ್ರಾಂತ್ಯವನ್ನು ಆಳುತ್ತಿದ್ದ ರಾಜಕುಮಾರನೂ ಹಿರಿಯ ಅಧಿಕಾರಿಗಳೂ, ಈ ಸೀಮೆಯ ಪ್ರಾಚೀನ ಪಟ್ಟಣವಾದ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಕಳುಹಿಸಿದ ಒಕ್ಕಣೆಯು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಜನರು ಅಕ್ಷರಗುಂಡು ಎಂದು ಕರೆಯುವ ಬಂಡೆಯ ಮೇಲೆ ಇಂದಿಗೂ ಇದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಇದನ್ನೂ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಶಾಸನಗಳನ್ನೂ ಬೆಳಕಿಗೆ ತಂದರು. ಸರ್ಕಾರಿ ಪತ್ರಕ್ಕೆ ಉತ್ತರ ತಡವಾಗುವುದು ಈ ನಾಡಿನಲ್ಲಿ ಹೊಸತೇನಲ್ಲವಾದ್ದರಿಂದ, ಇಪ್ಪತ್ತೆರಡು ಶತಮಾನಗಳ ವಿಳಂಬವನ್ನು ಚಕ್ರವರ್ತಿಗಳು ಮನ್ನಿಸಬೇಕು. ಆರೋಗ್ಯದ ಪ್ರಶ್ನೆಗೆ ಉತ್ತರವಿಷ್ಟೇ: ಡ್ರೈವರನ ಸೊಂಟವೊಂದನ್ನು ಬಿಟ್ಟು ಉಳಿದೆಲ್ಲ ಕ್ಷೇಮ.

ಹಿಂದಿನ ಅರಸರ ವಿಹಾರಯಾತ್ರೆಯನ್ನು, ಅಂದರೆ ಬೇಟೆ ಮತ್ತು ಮೋಜಿನ ಸುತ್ತಾಟವನ್ನು ಬಿಟ್ಟು, ಹಳ್ಳಿನಾಡಿನ ಜನರನ್ನೂ ಕಂಡು ಮಾತನಾಡಿಸುವ ಧರ್ಮಯಾತ್ರೆಯನ್ನು ಕೈಗೊಂಡ ಸಂಗತಿಯನ್ನು ಚಕ್ರವರ್ತಿಗಳ ಎಂಟನೆಯ ಬಂಡೆಶಾಸನವು ತಿಳಿಸುತ್ತದೆ. ಈಗ ಆ ಎರಡು ಯಾತ್ರೆಗಳೂ ಒಂದೇ ಪ್ಯಾಕೇಜಿನಲ್ಲಿ ದೊರೆಯುತ್ತವೆ. ನಸುಕಿನಲ್ಲಿ ಬೆಂಗಳೂರು ಬಿಟ್ಟ ಕಾರು ಹಿರಿಯೂರು, ಚಳ್ಳಕೆರೆಗಳನ್ನು ಹಾದು, ಶಾಸನದೆದುರು ಫೋಟೊ ತೆಗೆಸಿ, ಜಟಾಯು ಬಿದ್ದನೆಂಬ ಜಟಿಂಗ ರಾಮೇಶ್ವರ ಬೆಟ್ಟವನ್ನು ಹತ್ತಿಸಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ಕೊಡಿಸಿ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಕೈಮುಗಿಸಿ, ಅದೇ ರಾತ್ರಿ ಹಿಂದಿರುಗಬೇಕು. ಈ ಧರ್ಮಯಾತ್ರೆಯಲ್ಲಿ ಪ್ರವಾಸಿಗರಿಗೆ ಭೇಟಿಯಾಗುವ ಒಬ್ಬನೇ ಪ್ರಜೆ ಡ್ರೈವರ್, ಅದೂ ಹಿಂದಿನಿಂದ ಕಾಣುವ ಅವನ ತಲೆ ಮಾತ್ರ.

ಈ ಯಾತ್ರೆಗೂ ಒಂದು ಶಾಸನವಿದೆ. ಅದನ್ನು ಟ್ರಿಪ್ ಶೀಟ್ ಎನ್ನುತ್ತಾರೆ. ಹೊರಟ ಮತ್ತು ಮುಗಿದ ವೇಳೆಯೂ ಮೀಟರಿನ ಅಂಕಿಯೂ ದಾಖಲಾಗುವ ಈ ಹಾಳೆಯ ಮೊದಲ ಕಟ್ಟಳೆ ‘ಮಿನಿಮಮ್’, ಅಂದರೆ ಹೊರ ಊರಿನ ಬಾಡಿಗೆಯಲ್ಲಿ ಗಾಡಿ ಎಷ್ಟೇ ಕಡಿಮೆ ಓಡಿದರೂ ದಿನಕ್ಕೆ ಸಾಮಾನ್ಯವಾಗಿ 250 ಅಥವಾ 300 ಕಿಲೋಮೀಟರಿನ ಹಣ ತೆರಬೇಕೆಂಬುದು. ಕಿಲೋಮೀಟರಿನ ಎಣಿಕೆ ಗಾಡಿ ನಿಲ್ಲುವ ಶೆಡ್ಡಿನಿಂದ ಮತ್ತೆ ಅದೇ ಶೆಡ್ಡಿಗೆ, ಟೋಲ್ ಬೇರೆ, ಗಡಿ ದಾಟಿದರೆ ಪರ್ಮಿಟ್ ಖರ್ಚೂ ಬೇರೆ. ಚಕ್ರವರ್ತಿಗಳ ಶಾಸನಗಳ ಬ್ರಾಹ್ಮೀ ಲಿಪಿಯನ್ನು ಓದಲು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬೊಬ್ಬರು ಒದಗಿದರು. ಟ್ರಿಪ್ ಶೀಟಿನ ಕೆಳಗಿನ ಸಣ್ಣಕ್ಷರಗಳು ತಮ್ಮ ಪ್ರಿನ್ಸೆಪ್‌ಗಾಗಿ ಇನ್ನೂ ಕಾದಿವೆ.

ಮಿನಿಮಮ್ಮಿಗೆ ಬೆದರಿದವರು ಚಳ್ಳಕೆರೆಯವರೆಗೆ ಬಸ್ಸಿನಲ್ಲಿ ಬಂದು ಅಲ್ಲಿ ‘ವೈಟ್ ಬೋರ್ಡ್’ ಗಾಡಿಯನ್ನು ಹುಡುಕುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಬಾಡಿಗೆಗೆ ಓಡುವ ಗಾಡಿಗೆ ಪರ್ಮಿಟ್ ಇರಬೇಕು, ಆ ಕಾಯ್ದೆಯಡಿಯ ನಿಯಮಗಳಂತೆ ಅದರ ಫಲಕ ಹಳದಿಯಾಗಿರಬೇಕು. ಬಿಳಿ ಫಲಕದ್ದು ಸ್ವಂತ ಬಳಕೆಗೆ ಮಾತ್ರ. ಆದಕಾರಣ ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದೊಡನೆ ವೈಟ್ ಬೋರ್ಡಿನ ಚಾಲಕನು ಪ್ರಯಾಣಿಕರೆಲ್ಲರಿಗೂ ಸೋದರಮಾವನಾಗುತ್ತಾನೆ. ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕೆಂಬ ಬ್ರಹ್ಮಗಿರಿ ಶಾಸನದ ಮಾತು ಹೀಗೆ ಪಾಲನೆಯಾದರೂ, ಸತ್ಯವನ್ನು ನುಡಿಯಬೇಕೆಂಬ ಅದೇ ಶಾಸನದ ಇನ್ನೊಂದು ಮಾತು ರಸ್ತೆಯ ಬದಿಯಲ್ಲೇ ಉಳಿದುಬಿಡುತ್ತದೆ. ಅಪಘಾತವಾದ ದಿನ ಈ ಬಾಂಧವ್ಯವನ್ನು ವಿಮೆಯವರು ಒಪ್ಪುವುದೂ ಕಷ್ಟ.

ಇನ್ನು ಬಾಟಾ, ಅಂದರೆ ಚಾಲಕನ ಊಟ ಮತ್ತು ರಾತ್ರಿ ತಂಗುವಿಕೆಗೆಂದು ಬಾಡಿಗೆಯ ಮೇಲೆ ಕೊಡುವ ದಿನದ ಹಣ. ಸೀರೆಯಂಗಡಿಯಲ್ಲಿ ಸಾವಿರಗಳ ಲೆಕ್ಕದಲ್ಲಿ ಸಡಿಲವಾದ ಕೈ ಬಾಟಾದ ಬಳಿ ಬಂದಾಗ ತಾನಾಗಿ ಬಿಗಿಯಾಗುತ್ತದೆ. ಬ್ರಹ್ಮಗಿರಿ ಶಾಸನದಲ್ಲಿರುವ 256 ಎಂಬ ಸಂಖ್ಯೆಯು ಚಕ್ರವರ್ತಿಗಳು ಪ್ರವಾಸದಲ್ಲಿ ಕಳೆದ ರಾತ್ರಿಗಳದೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಆ 256 ರಾತ್ರಿಯೂ ಸಾರಥಿ ಮಲಗಿದ್ದೆಲ್ಲಿ ಎಂಬುದರ ಬಗ್ಗೆ ಸಂಶೋಧನೆ ಮೌನವಾಗಿದೆ. ಇಂದಿನ ಸಾರಥಿಯಂತೂ ಸೀಟನ್ನು ಹಿಂದಕ್ಕೆ ಒರಗಿಸಿ ಗಾಡಿಯಲ್ಲೇ ಮಲಗುತ್ತಾನೆ. ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆಗೆ ಅರ್ಧ ಗಂಟೆ ವಿಶ್ರಾಂತಿ ಎಂದು 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಪ್ರವಾಸಿಗರು ಬೆಟ್ಟ ಹತ್ತಿ ಇಳಿಯುವವರೆಗೆ ಬಿಸಿಲಲ್ಲಿ ಕಾಯುವುದನ್ನು ಬಾಡಿಗೆದಾರರು ಈ ವಿಶ್ರಾಂತಿಯ ಲೆಕ್ಕಕ್ಕೆ ಬರೆಯುತ್ತಾರೆ.

ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನು ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸಿ, ಲಿಪಿಕಾರನೆಂಬ ಮಾತನ್ನು ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನನ್ನು ಈ ಬೆಟ್ಟದ ಬುಡಕ್ಕೆ ತಂದಿಳಿಸಿದವನ ಹೆಸರು ಮಾತ್ರ ಬಂಡೆಯ ಮೇಲೆ ಇಲ್ಲ. ಆದರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಇದೇ ಧರ್ಮಲಿಪಿಯ ಪಾಠವು, ಧರ್ಮವನ್ನು ಬೋಧಿಸಬೇಕಾದವರ ಸಾಲಿನಲ್ಲಿ ಮಾವುತರು, ಕರಣಿಕರು ಮತ್ತು ಬ್ರಾಹ್ಮಣರೊಡನೆ ಯುಗ್ಯಾಚಾರ್ಯರನ್ನು, ಅಂದರೆ ರಥ ನಡೆಸುವ ವಿದ್ಯೆಯ ಗುರುಗಳನ್ನು, ಹೆಸರಿಸುತ್ತದೆ. ಗಡಿಯ ಆಚೆ ಆಚಾರ್ಯನಾಗಿರುವವನು ಈಚೆ ‘ಏಯ್ ಡ್ರೈವರ್’ ಆಗಿರುವುದು ಪಾಠಾಂತರದ ದೋಷವೆಂದೇ ತಿಳಿಯಬೇಕಾಗುತ್ತದೆ.

ಆದ್ದರಿಂದ ಯುಗ್ಯಾಚಾರ್ಯರೆಂಬ ಆ ಒಂದು ಪದವನ್ನು ಅಕ್ಷರಗುಂಡಿನ ಮೇಲೂ ಸೇರಿಸಲು ಚಕ್ರವರ್ತಿಗಳು ಅಪ್ಪಣೆ ಕೊಡಿಸಬೇಕು. ಅದಕ್ಕೆ ಮತ್ತೆ ಇಪ್ಪತ್ತೆರಡು ಶತಮಾನ ಹಿಡಿಯುವ ಸಂಭವವಿರುವುದರಿಂದ, ಅಲ್ಲಿಯವರೆಗೆ ಈ ಸೀಮೆಗೆ ಗಾಡಿ ಮಾಡಿಕೊಂಡು ಬರುವವರು ಬೆಟ್ಟ ಹತ್ತುವ ಮೊದಲು ಡ್ರೈವರನ ಹೆಸರು ಹಿಡಿದು ಕರೆದು, ಊಟವಾಯಿತೇ ಎಂದು ಕೇಳುವ ರೂಢಿಯನ್ನಾದರೂ ಇಟ್ಟುಕೊಳ್ಳಲಿ.