ತಾಳೆಗಾರ

ಬೈಬಲ್ಲಿನ ಕಥೆಯನ್ನು ಆಧರಿಸಿದ ಚಲನಚಿತ್ರ ಅಮೆರಿಕದಲ್ಲಿ ತೆರೆಕಂಡಾಗಲೆಲ್ಲ ತಪ್ಪದೆ ಹಾಜರಾಗುವ ಪ್ರೇಕ್ಷಕನೊಬ್ಬನಿದ್ದಾನೆ. ತೆರೆಯ ಮೇಲೆ ಕಂಡದ್ದನ್ನು ಗ್ರಂಥದ ಅಧ್ಯಾಯ, ವಚನಗಳೊಡನೆ ಹೋಲಿಸಿ ನೋಡುವುದನ್ನೇ ರಸಾಸ್ವಾದವೆಂದು ಬಗೆದಿರುವ ಈತನನ್ನು 'ತಾಳೆಗಾರ'ನೆನ್ನಬಹುದು. ಉಳಿದವರು ಪಾಪ್‌ಕಾರ್ನ್ ಹಿಡಿದು ಒಳಹೊಕ್ಕರೆ ಈತ ಸಂಶಯ ಹಿಡಿದು ಹೋಗುತ್ತಾನೆ. ತಪ್ಪೊಂದು ಸಿಕ್ಕ ಕ್ಷಣದಲ್ಲಿ ಈತನ ಮುಖದಲ್ಲಿ ಮೂಡುವುದು ನೋವೇ ಎಂದು ನಿಶ್ಚಯಿಸುವುದು ಕಷ್ಟ.

2014ರಲ್ಲಿ ಡ್ಯಾರೆನ್ ಅರೊನೊಫ್ಸ್ಕಿ ನಿರ್ದೇಶಿಸಿದ 'ನೋಹ' ತಾಳೆಗಾರನಿಗೆ ಸುಗ್ಗಿಯಾಯಿತು. ಪ್ರಳಯದಿಂದ ಪಾರಾಗಲು ನೋಹನು ಕಟ್ಟುವ ನಾವೆಗೆ ಕೈಜೋಡಿಸುವ ಕಲ್ಲುಮೈಯ ದೈತ್ಯರು ಬೈಬಲ್ಲಿನ ಆದಿಕಾಂಡದಲ್ಲಿ ಎಲ್ಲಿದ್ದಾರೆ, ಮೂವರು ಮಕ್ಕಳೂ ಹೆಂಡಿರೊಡನೆ ನಾವೆ ಹತ್ತಿದರೆಂದು ಏಳನೆಯ ಅಧ್ಯಾಯವೇ ಹೇಳುವಾಗ ಚಿತ್ರದಲ್ಲಿ ಇಬ್ಬರು ಬ್ರಹ್ಮಚಾರಿಗಳಾಗಿ ಉಳಿದದ್ದೇಕೆ ಎಂಬ ಪ್ರಶ್ನೆಗಳು ನ್ಯಾಯವಾದವೇ. ಆದರೆ ಅದೇ ಆದಿಕಾಂಡದ ನೋಹನು ಪ್ರಳಯವೆಲ್ಲ ಇಳಿದು, ದ್ರಾಕ್ಷಾರಸ ಕುಡಿದು ಮಲಗಿ, ಎದ್ದು ಮೊಮ್ಮಗನನ್ನು ಶಪಿಸುವವರೆಗೆ ಒಂದು ಮಾತನ್ನಾದರೂ ಆಡಿದಂತೆ ಬರೆದಿಲ್ಲವಾದ್ದರಿಂದ, ವಚನನಿಷ್ಠ ಚಿತ್ರದಲ್ಲಿ ನೋಹನ ಪಾತ್ರಧಾರಿ ರಸೆಲ್ ಕ್ರೋ ಎರಡು ಗಂಟೆ ತುಟಿಬಿಚ್ಚದೆ ನಾವೆಗೆ ರಾಳ ಬಳಿಯುತ್ತಿರಬೇಕಿತ್ತು. ಅಂಥ ಚಿತ್ರಕ್ಕೆ ತಾಳೆಗಾರನೇ ಟಿಕೆಟ್ ಕೊಳ್ಳುತ್ತಿದ್ದನೆಂಬ ಭರವಸೆಯಿಲ್ಲ. ಅತ್ತ, ಅದೇ ನಾವೆಯಲ್ಲಿ ಪರಿಸರಪ್ರಜ್ಞೆಯನ್ನು ಕಂಡು ಹಿಗ್ಗಿದ ವಿಮರ್ಶಕರಿಗೆ ಅಧ್ಯಾಯದ ಗೊಡವೆಯೇ ಇರಲಿಲ್ಲ.

ತಾಳೆಗಾರನ ಅಳತೆಗೋಲನ್ನು ಪರೀಕ್ಷಿಸಿದರೆ ಅದರ ಅರ್ಧಭಾಗ ಹಾಲಿವುಡ್ಡಿನಲ್ಲೇ ತಯಾರಾದದ್ದೆಂದು ತಿಳಿಯುತ್ತದೆ. 2014ರಲ್ಲೇ ಬಂದ ರಿಡ್ಲಿ ಸ್ಕಾಟ್‌ನ 'ಎಕ್ಸೋಡಸ್' ಚಿತ್ರದಲ್ಲಿ ದೈವವಾಣಿಯನ್ನು ಹುಡುಗನೊಬ್ಬ ನುಡಿದಾಗ ಸಿಡಿಮಿಡಿಗೊಂಡ ಈತನು ಸಿಸಿಲ್ ಡಿಮಿಲ್‌ನ 1956ರ 'ಟೆನ್ ಕಮಾಂಡ್‌ಮೆಂಟ್ಸ್' ಮಾತ್ರ ಗ್ರಂಥದಲ್ಲಿದ್ದಂತೆಯೇ ಇದೆಯೆಂದು ಆಣೆಯಿಡುತ್ತಾನೆ. ಎರಡೂ ಚಿತ್ರಗಳ ನಾಯಕ, ವಿಮೋಚನಕಾಂಡದ ಮೋಶೆ, ತನ್ನ ನಾಲಿಗೆ ಮಂದವೆಂದು ದೇವರಲ್ಲೇ ಅಲವತ್ತುಕೊಂಡು, ಅಣ್ಣ ಆರೋನನನ್ನು ವಕ್ತಾರನಾಗಿ ಪಡೆದವನು. ಆದರೂ ಚಾರ್ಲ್‌ಟನ್ ಹೆಸ್ಟನ್ ಮೋಶೆಯಾಗಿ ಈಜಿಪ್ಟಿನ ದೊರೆ ಫರೋಹನೆದುರು ಗುಡುಗುವುದಾಗಲಿ, ಗ್ರಂಥದಲ್ಲಿ ಸುಳಿವೇ ಇಲ್ಲದ ರಾಜಕುಮಾರಿ ನೆಫ್ರೆಟಿರಿ ಆತನಿಗೆ ಮನಸೋಲುವುದಾಗಲಿ ತಾಳೆಗಾರನ ಲೆಕ್ಕಕ್ಕೆ ಬಂದಿಲ್ಲ. ಈಸ್ಟರ್ ಬಂದಾಗಲೆಲ್ಲ ದೂರದರ್ಶನದಲ್ಲಿ ಕಂಡದ್ದು, ನಡುವೆ ಎಲ್ಲೋ, ಓದಿದ್ದರೊಳಗೆ ಸೇರಿಹೋಗಿದೆ.

ಈ ವಂಶದಲ್ಲೇ ಇನ್ನೂ ಮುಂದುವರಿದ ಒಂದು ಶಾಖೆಯಿದ್ದು, ಅದರ ಸದಸ್ಯರು ಚಿತ್ರ ನೋಡುವ ಶ್ರಮವನ್ನೂ ಉಳಿಸಿಕೊಂಡಿದ್ದಾರೆ. 1988ರಲ್ಲಿ ಮಾರ್ಟಿನ್ ಸ್ಕಾರ್ಸೆಸೆಯ 'ದಿ ಲಾಸ್ಟ್ ಟೆಂಪ್ಟೇಶನ್ ಆಫ್ ಕ್ರೈಸ್ಟ್' ವಿರುದ್ಧ ಇವರು ಬಿಡುಗಡೆಗೆ ಮುನ್ನವೇ ಬೀದಿಗಿಳಿದರು. ಇದು ಸುವಾರ್ತೆಗಳನ್ನು, ಅಂದರೆ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಗ್ರಂಥಗಳನ್ನು, ಆಧರಿಸಿದ ಚಿತ್ರವಲ್ಲವೆಂಬ ಹೇಳಿಕೆ ಆರಂಭದಲ್ಲೇ ತೆರೆಯ ಮೇಲೆ ಬರುತ್ತದೆ. ಅದನ್ನು ಓದಲು ಮಾತ್ರ ಟಿಕೆಟ್ ಕೊಂಡು ಒಳಗೆ ಹೋಗಬೇಕಿತ್ತು.