ತಬೇಲಾಗಳ ಎಮ್ಮೆಗಳಿಗೊಂದು ಬಹಿರಂಗ ಪತ್ರ

ಮುಂಬಯಿ ಮತ್ತು ಉಪನಗರಗಳ ತಬೇಲಾಗಳಲ್ಲಿ, ಅಂದರೆ ಹಾಲಿನ ಎಮ್ಮೆಗಳ ಕೊಟ್ಟಿಗೆಗಳಲ್ಲಿ, ವಾಸವಾಗಿರುವ ಸಮಸ್ತ ಮಹಿಷೀ ಸಮುದಾಯದ ಸನ್ನಿಧಿಗೆ,

ಉದ್ಯಮಗಳ ತ್ಯಾಜ್ಯನೀರನ್ನು ಮೇವಿನ ಹುಲ್ಲಿಗೆ ಹಾಯಿಸಿದರೆ ನೀರಿಗೂ ಗೊಬ್ಬರಕ್ಕೂ ಬಿಡಿಗಾಸು ಖರ್ಚಾಗದೆಂಬ ವಾದಕ್ಕೆ ಶಾಸ್ತ್ರದ ಬೆಂಬಲವಿರುವುದರಿಂದ, ಆ ಹುಲ್ಲನ್ನು ಕಡೆಗೆ ಜಗಿಯುವವರ ಒಪ್ಪಿಗೆ ಕೇಳುವ ಪದ್ಧತಿ ಎಲ್ಲಿಯೂ ಇಲ್ಲವಾದರೂ, ಅವರಿಗೆ ವಿಷಯವನ್ನಾದರೂ ತಿಳಿಸುವುದು ಶಿಷ್ಟಾಚಾರವೆಂದು ಭಾವಿಸಲಾಗಿದೆ.

ಈ ವಾದದ ಸಾತ್ತ್ವಿಕ ರೂಪವನ್ನು ಗೋರೆಗಾಂವ್ ಬಲ್ಲದು. ನಗರದೊಳಗಿನ ಕೊಟ್ಟಿಗೆಗಳನ್ನು ಹೊರಸಾಗಿಸಲೆಂದು ದಾರಾ ಖುರೋಡಿಯವರ ಮುಂದಾಳತ್ವದಲ್ಲಿ 1949ರಲ್ಲಿ ಆರಂಭವಾದ ಆರೆ ಹಾಲು ಕಾಲೊನಿಯಲ್ಲಿ, ಕೊಟ್ಟಿಗೆ ತೊಳೆದ ಸಗಣಿ-ಗಂಜಲದ ನೀರು ಪ್ಯಾರಾ ಹುಲ್ಲಿಗೆ, ಅಂದರೆ ನಿಂತ ನೀರಿನಲ್ಲಿಯೂ ಹುಲುಸಾಗಿ ಹಬ್ಬುವ ಆಫ್ರಿಕಾ ಮೂಲದ ಮೇವಿಗೆ, ಆಹಾರವಾಯಿತು. ಎಮ್ಮೆ ಬಿಟ್ಟದ್ದು ಹುಲ್ಲಾಗಿ ಎಮ್ಮೆಯ ಬಾಯಿಗೇ ಮರಳಿತು. ಸಾರಜನಕ ಅತಿಯಾದರೆ ಅದು ಹುಲ್ಲಿನಲ್ಲಿ ನೈಟ್ರೇಟಾಗಿ ಉಳಿದು, ಮೆಲುಕು ಹಾಕುವ ಹೊಟ್ಟೆಯಲ್ಲಿ ನೈಟ್ರೈಟಾಗಿ, ಆಮ್ಲಜನಕ ಹೊರುವ ರಕ್ತದ ಶಕ್ತಿಯನ್ನೇ ಕುಗ್ಗಿಸುತ್ತದೆಂಬುದನ್ನು ಬಿಟ್ಟರೆ ಇದರಲ್ಲಿ ತಕರಾರಿಗೆ ಎಡೆಯಿಲ್ಲ.

ಆದರೆ ಮುಂಬಯಿಯ ನಾಲೆಗಳಿಗೆ ಇಂತಹ ಮಡಿವಂತಿಕೆಯಿಲ್ಲ. ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿನೀರಿನಿಂದ ಹುಟ್ಟುವ ಮೀಠಿ ನದಿಯು, ಹೆಸರಿನಲ್ಲಷ್ಟೇ ಸಿಹಿಯನ್ನು ಉಳಿಸಿಕೊಂಡು, ಸಾಕಿನಾಕಾ ಮತ್ತು ಕುರ್ಲಾಗಳನ್ನು ದಾಟುವಷ್ಟರಲ್ಲಿ ಸಗಣಿ, ಮನೆಗಳ ಕೊಳಚೆ, ಎಣ್ಣೆಯ ಡ್ರಮ್ಮು ತೊಳೆದ ನೀರು, ಸಣ್ಣ ಕಾರ್ಖಾನೆಗಳ ರಸಾಯನ ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಇಂತಹ ನೀರನ್ನು ಮೇವಿಗೆ ಹಾಯಿಸಿದರೆ, ಗೊಬ್ಬರವೂ ವಿಷವೂ ಒಂದೇ ಕೊಡದಲ್ಲಿ ಬರುವುದರಿಂದ ಹುಲ್ಲಿಗೆ ಆರಿಸಿಕೊಳ್ಳುವ ಅವಕಾಶ ಕಡಿಮೆ.

ಚಿಂತೆ ಬೇಡ, ಕಾನೂನಿದೆ. ಪರಿಸರ ಸಂರಕ್ಷಣಾ ನಿಯಮಗಳು, 1986, ಇವುಗಳ ಆರನೆಯ ಅನುಸೂಚಿಯ ಸಾಮಾನ್ಯ ಮಾನದಂಡಗಳಲ್ಲಿ ತ್ಯಾಜ್ಯನೀರಿಗೆ ನದಿ-ಕೆರೆ, ಸಾರ್ವಜನಿಕ ಒಳಚರಂಡಿ, ನೀರಾವರಿಯ ನೆಲ, ಕರಾವಳಿ ಎಂಬ ನಾಲ್ಕು ಕಾಲಮುಗಳಿವೆ. ಬಿಓಡಿ, ಅಂದರೆ ನೀರಿನ ಸಾವಯವ ಕಲ್ಮಷವನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ಬಳಸುವ ಆಮ್ಲಜನಕದ ಅಳತೆ, ನದಿಗಾದರೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ನೀರಾವರಿಯ ನೆಲಕ್ಕೆ 100ರವರೆಗೂ ಸಲ್ಲುತ್ತದೆ. ಮಣ್ಣು ಕೊಳೆಸಬಲ್ಲದಾದ್ದರಿಂದ ಈ ಉದಾರತೆ ನ್ಯಾಯವೇ. ಪಾದರಸಕ್ಕೆ ನದಿ, ಚರಂಡಿ, ಸಮುದ್ರ ಮೂರರಲ್ಲಿಯೂ 0.01 ಮಿಲಿಗ್ರಾಂ ಮಿತಿಯಿದೆ. ನೀರಾವರಿಯ ಕಾಲಮಿನಲ್ಲಿ ಮಾತ್ರ ಒಂದು ಅಡ್ಡಗೆರೆ, ಅಂದರೆ ಮಿತಿಯೇ ಇಲ್ಲ. ಸೀಸಕ್ಕೂ ಅಡ್ಡಗೆರೆ, ಕ್ಯಾಡ್ಮಿಯಮ್ಮಿಗೂ ಅಡ್ಡಗೆರೆ. ಮಣ್ಣು ಎಷ್ಟೇ ಪುಣ್ಯವಂತವಾದರೂ ಲೋಹವನ್ನು ಕೊಳೆಸಲಾರದೆಂಬ ಅಲ್ಪ ಸಂಗತಿ ಆ ಗೆರೆಗೆ ಅಡ್ಡಿಯಾಗಿಲ್ಲ.

ಇದೇ ಊರಿನ ಚೆಂಬೂರಿನಲ್ಲಿರುವ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು ನಗರದ ಕೊಳಚೆನೀರನ್ನು ಬಳಸುತ್ತದೆಯಾದರೂ, ಸಂಸ್ಕರಿಸಿದ ಮೇಲಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಯಂತ್ರಗಳ ಹೊಟ್ಟೆ ಸೂಕ್ಷ್ಮವಾದದ್ದು. ಮಹಿಷಿಯರಿಗೆ ನಾಲ್ಕು ಕೋಣೆಗಳ ಹೊಟ್ಟೆಯಿರುವುದರಿಂದ ಇಂತಹ ಉಪಚಾರ ಅನಗತ್ಯವೆನಿಸಿರಬೇಕು.

ಮೇಲಾಗಿ ಮಹಿಷಿಯರೇ ಉತ್ತಮ ಸಂಸ್ಕರಣಾ ಘಟಕಗಳು. ಮಣ್ಣಿನಿಂದ ಎಲೆಗೆ ಸುಲಭವಾಗಿ ಏರುವ ಕ್ಯಾಡ್ಮಿಯಂ, ಮೇವಿನೊಡನೆ ಒಳಹೋದ ಬಳಿಕ ಹಾಲಿಗೆ ಬಹಳ ಕಡಿಮೆ ಇಳಿದು, ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ. ಹಾಗಾಗಿ ಹಾಲನ್ನು ಪರೀಕ್ಷಿಸಿದವರು ಸಮಾಧಾನದಿಂದ ಮನೆಗೆ ಹೋಗಬಹುದು.

ಆಕ್ಷೇಪಣೆಗಳಿದ್ದಲ್ಲಿ ಮಹಿಷಿಯರು ಅವುಗಳನ್ನು ಮೂತ್ರಪಿಂಡದಲ್ಲಿಯೇ ಲಗತ್ತಿಸಿ, ಹಾಲು ಬತ್ತಿದ ನಂತರ ದೇವನಾರ್ ಕಸಾಯಿಖಾನೆಯಲ್ಲಿ ಖುದ್ದಾಗಿ ಸಲ್ಲಿಸತಕ್ಕದ್ದು. ಅವುಗಳ ವಿಲೇವಾರಿಯನ್ನು ನಗರದ ಅಡುಗೆಮನೆಗಳು ನೋಡಿಕೊಳ್ಳುತ್ತವೆ.

ಇತಿ,
ಅಡ್ಡಗೆರೆಯ ಪರವಾಗಿ